ಶುಕ್ರವಾರದ ಮಸೂದೆಗಳು

2015ರ ಡಿಸೆಂಬರ್ 18ರಂದು ಲೋಕಸಭೆಯಲ್ಲಿ ತಿರುವನಂತಪುರದ ಸಂಸದ ಶಶಿ ತರೂರ್ ಎದ್ದು ನಿಂತು ಒಂದು ಮಸೂದೆ ಮಂಡಿಸಲು ಅನುಮತಿ ಕೇಳಿದರು. ಪರಸ್ಪರ ಒಪ್ಪಿಗೆಯಿರುವ ವಯಸ್ಕರ ಸಲಿಂಗ ಸಂಬಂಧ ಅಪರಾಧವಾಗಬಾರದೆಂದು ಭಾರತೀಯ ದಂಡ ಸಂಹಿತೆಯ 377ನೇ ಕಲಮನ್ನು ತಿದ್ದುವ ಮಸೂದೆ ಅದು. ಪಾಸು ಮಾಡಿ ಎಂದು ಅವರು ಕೇಳಿರಲಿಲ್ಲ, ಚರ್ಚೆಗೆ ಎತ್ತಿಕೊಳ್ಳಿ ಎಂದೂ ಕೇಳಿರಲಿಲ್ಲ. ಸದನದ ಮುಂದೆ ಇಡಲು ಬಿಡಿ ಎಂದಿದ್ದರು, ಅಷ್ಟೇ. ನಮ್ಮ ಸಂಸತ್ತಿನಲ್ಲಿ ಈ ಅನುಮತಿ ಬರೀ ಶಿಷ್ಟಾಚಾರದ ಮಾತು. ಸದಸ್ಯರು ಕೇಳುತ್ತಾರೆ, ಪೀಠದಲ್ಲಿರುವವರು ಸದನದತ್ತ ಒಮ್ಮೆ ನೋಡುತ್ತಾರೆ, ಯಾರೂ ತುಟಿ ಬಿಚ್ಚುವುದಿಲ್ಲ, ಮಸೂದೆ ದಾಖಲಾಗುತ್ತದೆ. ದಾಖಲಾದ ಮೇಲೆ ಬಹುಪಾಲು ಮಸೂದೆಗಳ ಗತಿ ಕಡತದೊಳಗಿನ ಧೂಳು, ಅದು ಬೇರೆ ಮಾತು.

ಅಂದು ಮಾತ್ರ ಆ ಶಿಷ್ಟಾಚಾರವೂ ನಡೆಯಲಿಲ್ಲ. ಬಿಜೆಪಿಯ ನಿಶಿಕಾಂತ್ ದುಬೆ ವಿರೋಧಿಸಿ ಎದ್ದರು, ಮತ ಎಣಿಕೆಯಾಯಿತು. ಪರವಾಗಿ 24, ವಿರುದ್ಧ 71, ತಟಸ್ಥ ಒಂದು. ಮಸೂದೆ ಹೊಸ್ತಿಲು ದಾಟಲೇ ಇಲ್ಲ. ಮೂರು ತಿಂಗಳು ಕಳೆದು, 2016ರ ಮಾರ್ಚ್ 11ರಂದು, ತರೂರ್ ಅದೇ ಮಸೂದೆ ಹಿಡಿದು ಮತ್ತೆ ಬಂದರು. ಈ ಸಲ ಪರ 14, ವಿರುದ್ಧ 58. ಮೊದಲ ಸಲಕ್ಕಿಂತ ಬೆಂಬಲ ಕುಗ್ಗಿತ್ತು.

ಒಬ್ಬ ರಾಜಕಾರಣಿ ಲೈಂಗಿಕ ಅಲ್ಪಸಂಖ್ಯಾತರ ಹಕ್ಕಿನ ಪರ ನಿಂತರು ಎಂದು ಪತ್ರಿಕೆಗಳಲ್ಲಿ ಓದುತ್ತೇವೆ. ಭಾಷಣ ಮಾಡಿದರು, ಮೆರವಣಿಗೆಗೆ ಬಂದರು, ಟ್ವೀಟ್ ಹಾಕಿದರು. ಇವೆಲ್ಲ ಬೆಂಬಲವೇ, ಇಲ್ಲವೆನ್ನುವುದಿಲ್ಲ. ಆದರೆ ಶಾಸಕಾಂಗದಲ್ಲಿ ಕುಳಿತವರ ಬೆಂಬಲಕ್ಕೆ ಬೇರೆಯದೇ ಅಳತೆಯಿದೆ. ಮಸೂದೆ ಬರೆದರೇ? ಬರೆದದ್ದಕ್ಕೆ ಸದನದ ಸಮಯ ಸಿಕ್ಕಿತೇ? ಮತಕ್ಕೆ ಹಾಕುವ ಹೊತ್ತಿನಲ್ಲಿ ಜತೆಯವರು ಆಸನದಲ್ಲಿ ಇದ್ದರೇ? ಈ ಮೂರಕ್ಕೂ ಉತ್ತರ ಸಿಗುವ ಜಾಗ ಶುಕ್ರವಾರದ ಮಧ್ಯಾಹ್ನ.

ಮಂತ್ರಿಗಳನ್ನು ಬಿಟ್ಟು ಉಳಿದ ಸಂಸದರೆಲ್ಲರೂ, ಆಳುವ ಪಕ್ಷದವರೂ ಸೇರಿ, ಸಂಸತ್ತಿನ ಲೆಕ್ಕದಲ್ಲಿ ಖಾಸಗಿ ಸದಸ್ಯರು. ಅವರು ತರುವ ಮಸೂದೆಗಳಿಗೆ ಶುಕ್ರವಾರದ ಕೊನೆಯ ಎರಡೂವರೆ ಗಂಟೆ ಮೀಸಲು. ಒಂದು ತಿಂಗಳ ಮೊದಲೇ ನೋಟಿಸು ಕೊಡಬೇಕು. ಚರ್ಚೆಗೆ ಯಾರ ಮಸೂದೆ ಮೊದಲು ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸುತ್ತಾರೆ. ವಾರದ ಕಡೆಯ ದಿನ, ಅದೂ ಸಂಜೆ ಹತ್ತಿರವಾಗುವ ಹೊತ್ತು. ಸಂಸದರಿಗೆ ಕ್ಷೇತ್ರಕ್ಕೆ ಹೊರಡುವ ವಿಮಾನದ ಚಿಂತೆ. ಇಂಥ ಮಸೂದೆಗಳಿಗೆ ಪಕ್ಷಗಳು ಸಾಮಾನ್ಯವಾಗಿ ವಿಪ್ ಹೊರಡಿಸುವುದಿಲ್ಲ. ಹಾಗಾಗಿ ಬಂದವರು ಬಂದರು, ಇಲ್ಲದವರು ಇಲ್ಲ. ಸ್ವಾತಂತ್ರ್ಯ ಬಂದ ಮೇಲೆ ಎರಡೂ ಸದನ ದಾಟಿ ಕಾನೂನಾದ ಖಾಸಗಿ ಮಸೂದೆಗಳು ಹದಿನಾಲ್ಕೇ. ಕೊನೆಯದು ಕಾನೂನಾದದ್ದು 1970ರಲ್ಲಿ.

ಈ ಲೆಕ್ಕ ತರೂರ್ ಅವರಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. ಆದರೂ ಆ ಮಸೂದೆ ತರಲು ಕಾರಣ ಒದಗಿಸಿದ್ದು ಸುಪ್ರೀಂ ಕೋರ್ಟ್. 2009ರ ಜುಲೈ 2ರಂದು ದೆಹಲಿ ಹೈಕೋರ್ಟ್, ವಯಸ್ಕರ ಖಾಸಗಿ ಸಂಬಂಧಕ್ಕೆ 377 ಅನ್ವಯಿಸದು ಎಂದಿತ್ತು. 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿತು; ಕಲಂ ಇರಬೇಕೋ ಬೇಡವೋ ಎಂಬುದನ್ನು ಸಂಸತ್ತೇ ನೋಡಿಕೊಳ್ಳಲಿ ಎಂದಿತು. ಸರಿ, ಸಂಸತ್ತಿಗೇ ಬರೋಣವೆಂದು ಒಬ್ಬ ಸಂಸದ ಮಸೂದೆ ತಂದರೆ, ಅಲ್ಲಿ ಎದುರಾದ ಆಕ್ಷೇಪ ಏನು? ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಾಗಿದೆಯಲ್ಲ ಎಂಬುದು! ಅವರನ್ನು ಕೇಳಿದರೆ ಇವರತ್ತ ಕೈ, ಇವರನ್ನು ಕೇಳಿದರೆ ಅವರತ್ತ ಕೈ. ನಡುವೆ ಅಲೆದವರು, ಯಾವ ಪೊಲೀಸ್ ಠಾಣೆಗೆ ಯಾವಾಗ ಕರೆಸಿಯಾರೋ ಎಂದು ಬದುಕುತ್ತಿದ್ದ ಸಾಮಾನ್ಯ ಜನ.

ಆ ದಿನದ 24 ಮತಗಳನ್ನು ಇನ್ನೊಂದು ಕೋನದಿಂದಲೂ ನೋಡಬಹುದು. 2014ರ ಚುನಾವಣೆಯಲ್ಲಿ ಕಾಂಗ್ರೆಸ್ ಗೆದ್ದದ್ದು 44 ಸ್ಥಾನ. 2013ರ ತೀರ್ಪು ಬಂದಾಗ ಸೋನಿಯಾ ಗಾಂಧಿ, ರಾಹುಲ್ ಗಾಂಧಿ ಇಬ್ಬರೂ ಬೇಸರ ಹೊರಹಾಕಿದ್ದರು. ಪರವಾಗಿ ಬಿದ್ದ ಅಷ್ಟೂ ಮತ ಕಾಂಗ್ರೆಸ್ಸಿನದೇ ಎಂದು ಹಿಡಿದರೂ ಆ ಪಕ್ಷದ ಅರ್ಧದಷ್ಟು ಮಂದಿ ಆ ಹೊತ್ತಿಗೆ ಅಲ್ಲಿರಲಿಲ್ಲ. ಆಚೆ ಕಡೆಯೂ ಅಷ್ಟೇ ಸೊಗಸು. 2015ರ ನವೆಂಬರಿನಲ್ಲಿ ದೆಹಲಿಯ ಸಾಹಿತ್ಯೋತ್ಸವವೊಂದರಲ್ಲಿ ಆಗಿನ ಹಣಕಾಸು ಮಂತ್ರಿ ಅರುಣ್ ಜೇಟ್ಲಿ, ಸುಪ್ರೀಂ ಕೋರ್ಟ್ ಈ ತೀರ್ಪನ್ನು ಮರುಪರಿಶೀಲಿಸಬೇಕು ಎಂಬ ಅರ್ಥದಲ್ಲಿ ಮಾತಾಡಿದ್ದರು. ಮೂರು ವಾರ ಕಳೆಯುವಷ್ಟರಲ್ಲಿ ಅವರ ಪಕ್ಷದ ಬೆಂಚುಗಳಿಂದ ಮಸೂದೆಗೆ ಬಾಗಿಲು ಬಿತ್ತು. ವೇದಿಕೆಯ ಮೇಲೆ ಎರಡೂ ಪಕ್ಷದವರದು ಹೆಚ್ಚುಕಡಿಮೆ ಒಂದೇ ಮಾತು. ಗುಂಡಿ ಒತ್ತುವ ಹೊತ್ತು ಬಂದಾಗ ಒಬ್ಬರು ಗೈರು, ಇನ್ನೊಬ್ಬರು ವಿರುದ್ಧ.

377 ನಮಗೆ ಬಂದದ್ದು ಬ್ರಿಟಿಷರಿಂದ, 1860ರ ದಂಡ ಸಂಹಿತೆಯ ಜತೆಗೆ. ತಮ್ಮ ಊರಿನಲ್ಲಿ ಅವರು ಇಂಥದೇ ಕಾನೂನನ್ನು ಸಡಿಲಿಸಿದ್ದು 1967ರಲ್ಲಿ. ಅದು ಕೂಡ ಖಾಸಗಿ ಸದಸ್ಯರೊಬ್ಬರ ಮಸೂದೆಯೇ. ದಕ್ಷಿಣ ವೇಲ್ಸಿನ ಪಾಂಟಿಪೂಲ್ ಎಂಬ ದುಡಿಯುವ ಜನರ ಕ್ಷೇತ್ರದಿಂದ ಬಂದಿದ್ದ ಲೇಬರ್ ಸಂಸದ ಲಿಯೋ ಆಬ್ಸ್ ಅದನ್ನು ಕಾಮನ್ಸ್ ಸಭೆಗೆ ತಂದರು. ಲಾರ್ಡ್ಸ್ ಸಭೆಯಲ್ಲಿ ಅದರ ಬೆನ್ನಿಗೆ ನಿಂತವರು ಲಾರ್ಡ್ ಆರನ್. ಕಾನೂನು ಸಡಿಲಿಸಿ ಎಂದು ಸರ್ಕಾರ ನೇಮಿಸಿದ್ದ ಉಲ್ಫೆಂಡನ್ ಸಮಿತಿ ಶಿಫಾರಸು ಮಾಡಿ ಆಗಲೇ ಹತ್ತು ವರ್ಷವಾಗಿತ್ತು. ಆಬ್ಸ್ ಗೆದ್ದದ್ದು ಹೇಗೆ? ಅವರು ಮಾತಿನ ಮಲ್ಲ, ನಿಜ. ಆದರೆ ನಿರ್ಣಾಯಕವಾದದ್ದು ಬೇರೆ. ಗೃಹಮಂತ್ರಿ ರಾಯ್ ಜೆಂಕಿನ್ಸ್ ಮಸೂದೆಯ ಪರವಾಗಿದ್ದರು. ಹೆರಾಲ್ಡ್ ವಿಲ್ಸನ್ ಸರ್ಕಾರ ಇದು ನಮ್ಮ ಮಸೂದೆಯಲ್ಲ ಎನ್ನುತ್ತಲೇ ಅದಕ್ಕೆ ಸದನದ ಸಮಯವನ್ನು ಬಿಟ್ಟುಕೊಟ್ಟಿತು. ಜುಲೈ 3ರ ರಾತ್ರಿ ಶುರುವಾದ ಚರ್ಚೆ ಬೆಳಗಿನ ಜಾವದವರೆಗೆ ಎಳೆಯಿತು. ವಿರೋಧಿಗಳು ಹೊತ್ತು ಕಳೆದು ಮಸೂದೆಯನ್ನು ಸಾಯಿಸಲು ನೋಡಿದರು, ಬೆಂಬಲಿಗರು ನಿದ್ದೆಗೆಟ್ಟು ಕಾದರು. ಕೊನೆಗೆ 99ಕ್ಕೆ 14. ಇಪ್ಪತ್ತೊಂದು ದಾಟಿದ ಗಂಡಸರಿಗೆ ಮಾತ್ರ, ಅದೂ ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಮಾತ್ರ ಅನ್ವಯಿಸುವ ಕಾನೂನದು, ಇವತ್ತು ಓದಿದರೆ ಅರೆಮನಸ್ಸಿನದು ಅನ್ನಿಸುತ್ತದೆ. ಆದರೂ ಕಾನೂನಾಯಿತು.

ಆಬ್ಸ್‌ಗೂ ತರೂರ್‌ಗೂ ಇದ್ದ ವ್ಯತ್ಯಾಸ ಧೈರ್ಯದ್ದಲ್ಲ, ಸಮಯದ್ದು. ಸದನದ ಗಡಿಯಾರ ಸರ್ಕಾರದ ಕೈಯಲ್ಲಿದೆ. ಅದು ಒಂದು ರಾತ್ರಿ ಕೊಟ್ಟರೆ ಒಬ್ಬ ಸದಸ್ಯ ಕಾನೂನು ಮಾಡಿಸಬಲ್ಲ. ಎರಡು ನಿಮಿಷವನ್ನೂ ಕೊಡದಿದ್ದರೆ ಎಂಥ ವಾಗ್ಮಿಯೂ ಕುಳಿತುಕೊಳ್ಳಲೇಬೇಕು.

ನಮ್ಮಲ್ಲೂ ಒಮ್ಮೆ ಈ ಗಡಿಯಾರ ಯಾಮಾರಿತು. ತರೂರ್ ಸೋಲುವುದಕ್ಕೆ ಎಂಟು ತಿಂಗಳ ಹಿಂದೆ, 2015ರ ಏಪ್ರಿಲ್ 24ರ ಶುಕ್ರವಾರ, ರಾಜ್ಯಸಭೆಯಲ್ಲಿ ನಡೆದದ್ದು ಅದು. ಕಥಾನಾಯಕ ಡಿಎಂಕೆಯ ತಿರುಚ್ಚಿ ಶಿವ.

ಅದರ ಹಿಂದಿನ ವರ್ಷ ಏಪ್ರಿಲ್ 15ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಕೆ.ಎಸ್. ರಾಧಾಕೃಷ್ಣನ್ ಮತ್ತು ಎ.ಕೆ. ಸಿಕ್ರಿ ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರದ (ನಾಲ್ಸಾ) ಪ್ರಕರಣದ ತೀರ್ಪು ಕೊಟ್ಟಿದ್ದರು. ತಾನು ಗಂಡೋ ಹೆಣ್ಣೋ ತೃತೀಯ ಲಿಂಗಿಯೋ ಎಂದು ಹೇಳಿಕೊಳ್ಳುವ ಹಕ್ಕು ಆ ವ್ಯಕ್ತಿಯದೇ. ಅದಕ್ಕೆ ಶಸ್ತ್ರಚಿಕಿತ್ಸೆ ಆಗಿರಬೇಕು ಎಂದು ಒತ್ತಾಯಿಸುವುದು ಸಲ್ಲದು. ಈ ಸಮುದಾಯವನ್ನು ಸಾಮಾಜಿಕವಾಗಿ, ಶೈಕ್ಷಣಿಕವಾಗಿ ಹಿಂದುಳಿದವರೆಂದು ಪರಿಗಣಿಸಿ ಮೀಸಲಾತಿ ಕೊಡಬೇಕು ಎಂಬುದು ಅದರ ಸಾರ. ತೀರ್ಪು ಬಂತು, ಕಾನೂನು ಬರಲಿಲ್ಲ. ಶಿವ ಕಾಯಲಿಲ್ಲ. ಅದೇ ಡಿಸೆಂಬರಿನಲ್ಲಿ ತಾವೇ ಮಸೂದೆ ಮಂಡಿಸಿದರು. 58 ಕಲಂಗಳ ದೊಡ್ಡ ಮಸೂದೆ. ಶಿಕ್ಷಣದಲ್ಲೂ ಸರ್ಕಾರಿ ಉದ್ಯೋಗದಲ್ಲೂ ಶೇ 2ರಷ್ಟು ಮೀಸಲಾತಿ, ಕೇಂದ್ರದಲ್ಲೂ ರಾಜ್ಯಗಳಲ್ಲೂ ಆಯೋಗ, ದೂರುಗಳಿಗೆ ಪ್ರತ್ಯೇಕ ನ್ಯಾಯಾಲಯ ಎಲ್ಲವೂ ಅದರಲ್ಲಿದ್ದವು.

ಈ ಕಾಳಜಿ ಶಿವ ಅವರಿಗೆ ಒಮ್ಮೆಲೇ ಹುಟ್ಟಿದ್ದೇನಲ್ಲ. ತಮಿಳುನಾಡಿನಲ್ಲಿ 2008ರಲ್ಲೇ ಕರುಣಾನಿಧಿ ಸರ್ಕಾರ ಟ್ರಾನ್ಸ್‌ಜೆಂಡರ್ ಸಮುದಾಯಕ್ಕೆಂದು ಕಲ್ಯಾಣ ಮಂಡಳಿ ಮಾಡಿತ್ತು. ಆ ಸಮುದಾಯ ನೆರೆಯುವ ಕೂವಾಗಂ ಜಾತ್ರೆಯ ನೆಲ ಅದು. ತಿರುನಂಗೈಯರು (ಟ್ರಾನ್ಸ್ ಮಹಿಳೆಯರು) ಅಲ್ಲಿ ಊರ ಕಣ್ಣಿಗೆ ಮೊದಲಿಂದಲೂ ಬಿದ್ದವರು, ಸಂಘಟಿತರಾದವರು, ಪಡಿತರ ಚೀಟಿಗೆ, ಪಟ್ಟಾ ಜಮೀನಿಗೆ ಅರ್ಜಿ ಹಿಡಿದು ಕಚೇರಿ ಮೆಟ್ಟಿಲು ಹತ್ತಿದವರು. ರಾಜಕಾರಣಿಯ ಧೈರ್ಯವನ್ನು ನಾವು ಅವನ ಸ್ವಂತ ಗುಣವೆಂದು ಹೊಗಳುತ್ತೇವೆ. ಅದರ ಬೇರು ಸಾಮಾನ್ಯವಾಗಿ ಊರಿನಲ್ಲಿರುತ್ತದೆ.

ಅಂದು ಸಾಮಾಜಿಕ ನ್ಯಾಯ ಮಂತ್ರಿಯಾಗಿದ್ದವರು ಥಾವರ್‌ಚಂದ್ ಗೆಹಲೋತ್. ಮುಂದೆ 2021ರಲ್ಲಿ ನಮ್ಮ ರಾಜ್ಯದ ರಾಜ್ಯಪಾಲರಾಗಿ ಬಂದವರು. ಖಾಸಗಿ ಮಸೂದೆಗಳ ಚರ್ಚೆ ಹೇಗೆ ಮುಗಿಯಬೇಕೆಂಬುದಕ್ಕೆ ಒಂದು ರೂಢಿಯಿದೆ. ಮಂತ್ರಿ ಎದ್ದು, ಸದಸ್ಯರ ಕಳಕಳಿ ಮೆಚ್ಚುವಂಥದು, ಸರ್ಕಾರವೇ ಸಮಗ್ರ ಕಾನೂನು ತರಲಿದೆ, ದಯವಿಟ್ಟು ಮಸೂದೆ ಹಿಂಪಡೆಯಿರಿ ಎಂದು ವಿನಂತಿಸುವುದು. ಸದಸ್ಯರು ಭರವಸೆಗೆ ವಂದಿಸಿ ಹಿಂಪಡೆಯುವುದು. ಮಂತ್ರಿಗಳು ತಮ್ಮ ಪಾಲಿನದನ್ನು ಮಾಡಿದರು. ಶಿವ ತಮ್ಮ ಪಾಲಿನದನ್ನು ಮಾಡಲಿಲ್ಲ. ಹಿಂಪಡೆಯುವುದಿಲ್ಲ, ಮತಕ್ಕೆ ಹಾಕಿ ಎಂದು ಕೂತರು.

ಇಲ್ಲಿ ಎರಡು ಸಂಗತಿ ಕೂಡಿಬಂದವು. ರಾಜ್ಯಸಭೆಯಲ್ಲಿ ಆಗ ಸರ್ಕಾರಕ್ಕೆ ಬಹುಮತವಿರಲಿಲ್ಲ. ಎಣಿಕೆಗೆ ಹೋದರೆ ಮುಖಭಂಗದ ಭಯ. ಜತೆಗೆ, ಹಿಜಡಾ ಸಮುದಾಯದ ಹಕ್ಕಿಗೆ ಅಡ್ಡಗಾಲು ಹಾಕಿದರು ಎಂಬ ಮಾತು ಮರುದಿನದ ಪತ್ರಿಕೆಯಲ್ಲಿ ಯಾರಿಗೂ ಬೇಕಿರಲಿಲ್ಲ. ಸಭಾನಾಯಕರಾಗಿದ್ದ ಜೇಟ್ಲಿ, ಇಂಥ ವಿಷಯದಲ್ಲಿ ಸದನ ಒಡೆದಂತೆ ಕಾಣುವುದು ಬೇಡವೆಂಬ ನಿಲುವು ತಳೆದರು. ಮಸೂದೆ ಧ್ವನಿಮತದಿಂದ, ಸರ್ವಾನುಮತದಿಂದ ಪಾಸಾಯಿತು. ಸಭೆಯಲ್ಲಿ ಬೆರಳೆಣಿಕೆಯಷ್ಟು ಸದಸ್ಯರಿದ್ದ ಒಂದು ಪ್ರಾದೇಶಿಕ ಪಕ್ಷದವರೊಬ್ಬರು ಹಲವು ದಶಕಗಳಲ್ಲಿ ಯಾರೂ ಮಾಡದ್ದನ್ನು ಮಾಡಿದ್ದರು.

ಸಂಭ್ರಮ ರಾಜ್ಯಸಭೆಗೇ ಮುಗಿಯಿತು. ಮೇಲ್ಮನೆ ಒಪ್ಪಿದ ಖಾಸಗಿ ಮಸೂದೆಯನ್ನು ಲೋಕಸಭೆಯಲ್ಲಿ ಎತ್ತಿಕೊಳ್ಳಲು ಅಲ್ಲೊಬ್ಬ ಸದಸ್ಯರು ಬೇಕು. 2014ರ ಚುನಾವಣೆಯಲ್ಲಿ ಡಿಎಂಕೆ ಗೆದ್ದ ಸ್ಥಾನ ಸೊನ್ನೆ. ಶಿವ ಅವರ ಮಸೂದೆಗೆ ಲೋಕಸಭೆಯಲ್ಲಿ ಅವರ ಪಕ್ಷದ ಒಂದು ನರಪಿಳ್ಳೆಯೂ ಇರಲಿಲ್ಲ. ಒಡಿಶಾದ ಬಿಜೆಡಿಯಿಂದ ಬೈಜಯಂತ್ ಪಂಡಾ ಅದನ್ನು ಕೈಗೆತ್ತಿಕೊಂಡು 2016ರ ಫೆಬ್ರುವರಿ 26ರಂದು ಚರ್ಚೆಗೆ ತಂದರು. ಪಕ್ಷ ಬೇರೆ, ರಾಜ್ಯ ಬೇರೆ, ಆದರೂ ಹೆಗಲು ಕೊಟ್ಟರು. ಮಸೂದೆ ಅಲ್ಲಿಂದ ಮುಂದಕ್ಕೆ ಸಾಗಲಿಲ್ಲ. ಲೋಕಸಭೆ ವಿಸರ್ಜನೆಯಾದಾಗ ಅಲ್ಲಿ ಬಾಕಿ ಉಳಿದ ಮಸೂದೆಗಳೂ ಅದರೊಡನೆ ಸಾಯುತ್ತವೆ.

ಆದರೆ ಶಿವ ಅವರ ಹಟ ಸರ್ಕಾರಕ್ಕೆ ಒಂದು ಇಕ್ಕಟ್ಟು ತಂದಿತ್ತು. ನಾವೇ ತರುತ್ತೇವೆ ಎಂದು ಹೇಳಿಯಾಗಿತ್ತಲ್ಲ, ತರಲೇಬೇಕಾಯಿತು. 2016ರ ಆಗಸ್ಟ್ 2ರಂದು ಗೆಹಲೋತ್ ಲೋಕಸಭೆಯಲ್ಲಿ ಸರ್ಕಾರದ ಮಸೂದೆ ಮಂಡಿಸಿದರು. ಅದನ್ನು ಓದಿದ ಸಮುದಾಯದವರು ಬೆಚ್ಚಿಬಿದ್ದರು. ಪೂರ್ತಿ ಹೆಣ್ಣೂ ಅಲ್ಲದ, ಪೂರ್ತಿ ಗಂಡೂ ಅಲ್ಲದವರು ಎಂಬಂಥ ವ್ಯಾಖ್ಯೆ. ಯಾರು ಟ್ರಾನ್ಸ್‌ಜೆಂಡರ್ ಎಂದು ಪರೀಕ್ಷಿಸಿ ಹೇಳಲು ಜಿಲ್ಲಾ ಮಟ್ಟದ ಸಮಿತಿ. ಭಿಕ್ಷೆಗೆ ಹಚ್ಚುವುದನ್ನು ಅಪರಾಧ ಮಾಡುವ ಒಂದು ಕಲಂ. ಬಜಾರಿನಲ್ಲಿ ಚಪ್ಪಾಳೆ ತಟ್ಟಿ ಬದುಕುವವರಿಗೆ, ಅವರನ್ನು ಮನೆಯೊಳಗೆ ಕೂಡಿಸಿಕೊಂಡ ಗುರುಗಳಿಗೆ ಅದು ಯಾರ ಮೇಲೆ ತಿರುಗುತ್ತದೆಂದು ಯಾರೂ ಹೇಳಿಕೊಡಬೇಕಿರಲಿಲ್ಲ. ಶೇ 2ರ ಮೀಸಲಾತಿ, ಆಯೋಗ, ನ್ಯಾಯಾಲಯ ಮೂರೂ ಮಾಯವಾಗಿದ್ದವು. ಹಕ್ಕು ಕೊಡುವ ಮಸೂದೆಯನ್ನು ಕೈಬಿಡಿ ಎಂದು ಹಕ್ಕು ಕೇಳಿದವರೇ ಬೀದಿಗಿಳಿದ ವಿಚಿತ್ರ ನಡೆದದ್ದು ಹೀಗೆ. ಬೆಂಬಲದ ದೊಡ್ಡ ಅಪಾಯ ಇದೇ ಎಂದು ನನ್ನ ಎಣಿಕೆ. ವಿರೋಧ ಎದುರಿಗೆ ಬಂದು ನಿಲ್ಲುತ್ತದೆ, ಗುರುತಿಸಬಹುದು. ಬೆಂಬಲದ ಹೆಸರಿನಲ್ಲಿ ಬಂದದ್ದನ್ನು ಬೇಡವೆಂದರೆ, ಕೊಟ್ಟರೂ ಒಲ್ಲೆ ಎನ್ನುವವರು ಎಂಬ ಹಣೆಪಟ್ಟಿ.

ಪ್ರತಿಭಟನೆಯಿಂದ ಏನೂ ಆಗಲಿಲ್ಲ ಎನ್ನುವಂತಿಲ್ಲ. ವ್ಯಾಖ್ಯೆ ಬದಲಾಯಿತು; ಪರೀಕ್ಷಾ ಸಮಿತಿ ಹೋಯಿತು; ಭಿಕ್ಷೆಯ ಕಲಂ ಹೋಯಿತು. ಹೊಸ ಲೋಕಸಭೆಯಲ್ಲಿ ಮತ್ತೆ ಮಂಡಿಸಿದ ಮಸೂದೆ 2019ರ ಆಗಸ್ಟ್ 5ರಂದು ಪಾಸಾಯಿತು. ಅದು ಯಾವ ದಿನ? ಕಾಶ್ಮೀರದ 370ನೇ ವಿಧಿಯ ನಿರ್ಣಯ ಬಂದ ದಿನ. ದೇಶದ ಕಣ್ಣೆಲ್ಲ ಬೇರೆಡೆ ಇದ್ದಾಗ, ಗದ್ದಲದ ನಡುವೆ, ಧ್ವನಿಮತದಲ್ಲಿ ಇದೂ ಮುಗಿದುಹೋಯಿತು. ನವೆಂಬರಿನಲ್ಲಿ ರಾಜ್ಯಸಭೆಗೆ ಬಂದಾಗ ಶಿವ ಮತ್ತೆ ಎದ್ದರು, ಆದರೆ ಈ ಸಲ ತಮ್ಮದೇ ಕನಸಿನ ಕಾನೂನನ್ನು ತಡೆಯಲು. ಆಯ್ಕೆ ಸಮಿತಿಗೆ ಕಳಿಸಿ, ಸಮುದಾಯದ ಮಾತು ಕೇಳಿ ಎಂಬ ಅವರ ಸೂಚನೆ 55ಕ್ಕೆ 74 ಮತಗಳಿಂದ ಬಿದ್ದುಹೋಯಿತು. ನವೆಂಬರ್ 26, ಸಂವಿಧಾನ ದಿನದಂದೇ ಮಸೂದೆ ಪಾಸಾಯಿತು. 2020ರ ಜನವರಿ 10ರಿಂದ ಕಾನೂನು ಜಾರಿ.

ಆ ಕಾನೂನು 2019ರಲ್ಲಿ ಪಾಸಾದಾಗ ಹೇಗಿತ್ತೆಂದು ಒಳಗೆ ಸ್ವಲ್ಪ ಇಣುಕೋಣ. ನಾಲ್ಕನೇ ಕಲಂ, ತನ್ನನ್ನು ತಾನು ಹೇಗೆ ಗುರುತಿಸಿಕೊಳ್ಳಬೇಕೆಂಬ ಹಕ್ಕು ವ್ಯಕ್ತಿಗಿದೆ ಎಂದಿತ್ತು. ಪುಟ ತಿರುವುವಷ್ಟರಲ್ಲಿ ಐದು ಮತ್ತು ಆರನೇ ಕಲಂ, ಅದಕ್ಕೆ ಜಿಲ್ಲಾಧಿಕಾರಿಗೆ ಅರ್ಜಿ ಹಾಕಿ ಪ್ರಮಾಣಪತ್ರ ತನ್ನಿ ಎಂದಿದ್ದವು. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಗಂಡು ಅಥವಾ ಹೆಣ್ಣು ಎಂದು ಬರೆಸಿಕೊಳ್ಳಬೇಕಿದ್ದರೆ ಏಳನೇ ಕಲಂ. ಆಸ್ಪತ್ರೆಯ ಅಧೀಕ್ಷಕರ ಚೀಟಿ ಹಿಡಿದು ಮತ್ತದೇ ಕಚೇರಿ. 2020ರ ನಿಯಮಗಳು ಕೊಂಚ ಉದಾರವಾಗಿದ್ದವು: ಮೊದಲ ಪ್ರಮಾಣಪತ್ರಕ್ಕೆ ವೈದ್ಯಕೀಯ ತಪಾಸಣೆ ಬೇಡ, ಅಫಿಡವಿಟ್ ಸಾಕು, ಮೂವತ್ತು ದಿನದಲ್ಲಿ ಕೊಡಬೇಕು, ಆನ್‌ಲೈನಿನಲ್ಲೇ ಅರ್ಜಿ ಹಾಕಬಹುದು. ಆದರೆ ಅರ್ಜಿ ಹಾಕುವವರು ಆ ಜಿಲ್ಲೆಯಲ್ಲಿ ಒಂದು ವರ್ಷದಿಂದ ಎಡೆಬಿಡದೆ ವಾಸವಿರಬೇಕಿತ್ತು. ಹದಿಹರೆಯದಲ್ಲಿ ಮನೆ ಬಿಟ್ಟು ಬೆಂಗಳೂರು ಸೇರಿದವರ ಆಧಾರ್ ಕಾರ್ಡಿನಲ್ಲಿ ಹಳೆಯ ಹೆಸರು, ಊರಿನ ವಿಳಾಸ. ಇಲ್ಲಿ ಕೋಣೆ ಕೊಟ್ಟ ಮಾಲೀಕ ಬಾಡಿಗೆ ದುಪ್ಪಟ್ಟು ತೆಗೆದುಕೊಂಡಾನು, ಕರಾರು ಪತ್ರ ಬರೆದುಕೊಡಲಾರ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ!

ಹದಿನೆಂಟನೇ ಕಲಂ ಇನ್ನೂ ಕಹಿಯಾಗಿತ್ತು. ಟ್ರಾನ್ಸ್‌ಜೆಂಡರ್ ವ್ಯಕ್ತಿಯ ಮೇಲೆ ಲೈಂಗಿಕ ದೌರ್ಜನ್ಯವೂ ಸೇರಿದಂತೆ ಹಲವು ಅಪರಾಧಗಳನ್ನು ಒಂದೇ ಗಂಟಿಗೆ ಕಟ್ಟಿ ಆರು ತಿಂಗಳಿಂದ ಎರಡು ವರ್ಷದವರೆಗೆ ಶಿಕ್ಷೆ ಎಂದಿತ್ತು. ಹೆಣ್ಣುಮಗಳ ಮೇಲಿನ ಅತ್ಯಾಚಾರಕ್ಕೆ 2018ರಿಂದ ಕನಿಷ್ಠ ಹತ್ತು ವರ್ಷ. ಸಮಾನತೆಯ ಕಾನೂನೊಂದು ನೋವಿಗೆ ಎರಡು ಬೆಲೆ ಕಟ್ಟಿತು. ಹನ್ನೆರಡನೇ ಕಲಂ, ಮಗುವನ್ನು ಹೆತ್ತವರಿಂದ ಬೇರ್ಪಡಿಸಬಾರದು, ಅವರಿಗೆ ಆಗದಿದ್ದರೆ ಕೋರ್ಟಿನ ಆದೇಶದಂತೆ ಪುನರ್ವಸತಿ ಕೇಂದ್ರ ಎಂದಿತ್ತು. ಮನೆಯವರೇ ಹೊಡೆದಟ್ಟಿದವರನ್ನು ಸಾಕಿ ಸಲಹಿದ ಹಿಜಡಾ ಮನೆಗಳ, ಅಂದರೆ ಹಮಾಮು, ಜಮಾತಿನ ಗುರು-ಚೇಲಾ ಸಂಬಂಧಕ್ಕೆ ಅದರಲ್ಲಿ ಜಾಗವೇ ಇರಲಿಲ್ಲ.

ಮೀಸಲಾತಿಯ ಕತೆ ಮಾತ್ರ ನಮ್ಮ ರಾಜ್ಯದಲ್ಲಿ ಬೇರೆ ದಾರಿ ಹಿಡಿಯಿತು. ಪೊಲೀಸ್ ನೇಮಕಾತಿಯ ಅಧಿಸೂಚನೆಯಲ್ಲಿ ಗಂಡು, ಹೆಣ್ಣು ಎರಡೇ ಕಾಲಂ ಇದ್ದುದನ್ನು ಪ್ರಶ್ನಿಸಿ ಬೆಂಗಳೂರಿನ ಸಂಗಮ ಸಂಸ್ಥೆ 2020ರಲ್ಲಿ ಹೈಕೋರ್ಟಿಗೆ ಹೋಯಿತು. ಜೀವ ಸಂಸ್ಥೆಯೂ ಜತೆಗೂಡಿತು. ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ ಅವರ ಪೀಠದ ಮುಂದೆ ವಿಚಾರಣೆ ನಡೆಯುತ್ತಿರುವಾಗಲೇ ಸರ್ಕಾರ ನೇಮಕಾತಿ ನಿಯಮಗಳನ್ನು ತಿದ್ದಿತು. 2021ರ ಜುಲೈಯಲ್ಲಿ ಶೇ 1ರಷ್ಟು ಸಮತಲ ಮೀಸಲಾತಿ ಬಂತು. ಅಂದರೆ ಸಾಮಾನ್ಯ, ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ, ಹೀಗೆ ಪ್ರತಿ ವರ್ಗದ ಒಳಗೂ ಒಂದು ಪಾಲು. ದಲಿತ ಟ್ರಾನ್ಸ್ ಮಹಿಳೆ ತನ್ನ ಜಾತಿಯ ಮೀಸಲಾತಿ ಬಿಟ್ಟುಕೊಡಬೇಕಿಲ್ಲ. ಇಂಥ ನಿಯಮ ತಂದ ಮೊದಲ ರಾಜ್ಯ ಕರ್ನಾಟಕ. ಶಿವ ಕೇಳಿದ್ದು ಎರಡು, ಕೇಂದ್ರ ಕೊಟ್ಟದ್ದು ಸೊನ್ನೆ, ನಮ್ಮಲ್ಲಿ ಸಿಕ್ಕಿದ್ದು ಒಂದು. ಇದಕ್ಕೆ ಯಾವ ಶಾಸಕರೂ ಮೇಜು ಕುಟ್ಟಿದ್ದು ನೆನಪಿಲ್ಲ. ಕೋರ್ಟು, ಸಂಘಟನೆ, ಒಂದಿಷ್ಟು ಅಧಿಕಾರಿಗಳು ಸೇರಿ ಮಾಡಿದ ಕೆಲಸ.

ನಮ್ಮ ವಿಧಾನಸಭೆಯ ಬೆನ್ನು ಇನ್ನೂ ತಟ್ಟಬೇಡಿ. ಇದೇ ರಾಜ್ಯ 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಎಂಬ ಕಲಂ ಸೇರಿಸಿತ್ತು. ಹಿಜಡಾಗಳನ್ನು ನಿಯಂತ್ರಿಸಲು, ಅವರ ಹೆಸರು ವಿಳಾಸದ ರಿಜಿಸ್ಟರ್ ಇಡಲು ಪೊಲೀಸ್ ಕಮಿಷನರಿಗೆ ಅಧಿಕಾರ ಕೊಡುವ ಕಲಂ. ಇಂಥದೇ ರಿಜಿಸ್ಟರ್ ಇಡಿಸಿದ್ದ ಬ್ರಿಟಿಷರ 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯ ವಾಸನೆ ಅದರಲ್ಲಿ ಹೊಡೆಯುತ್ತಿತ್ತು. ನೂರ ನಲವತ್ತು ವರ್ಷ ಹಳೆಯ ಸಂಶಯವೊಂದು ಐಟಿ ರಾಜಧಾನಿಯಲ್ಲಿ ಹೊಸ ಕಾನೂನಾಗಿ ಬಂದಾಗ ಸದನದಲ್ಲಿ ಗುಲ್ಲೇ ಆಗಲಿಲ್ಲ. ಹೈಕೋರ್ಟಿನಲ್ಲಿ ಪ್ರಶ್ನಿಸಿದ ಮೇಲೆ ಆ ಸಮುದಾಯದ ಹೆಸರನ್ನು ಕಲಮಿನಿಂದ ತೆಗೆದರು. ಬೆಂಬಲಿಸುವವರು ಒಬ್ಬರೂ ಇಲ್ಲದ ಸದನದಲ್ಲಿ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ.

ರಾಜಕಾರಣಿಗೆ ಇದರಿಂದ ಸಿಗುವುದಾದರೂ ಏನು? ಓಟಂತೂ ಅಲ್ಲ. 2011ರ ಜನಗಣತಿಯಲ್ಲಿ ಗಂಡೂ ಹೆಣ್ಣೂ ಅಲ್ಲದೆ ‘ಇತರೆ’ ಎಂದು ಬರೆಸಿದವರು ಇಡೀ ದೇಶದಲ್ಲಿ 4.88 ಲಕ್ಷ. ಬರೆಸದೆ ಉಳಿದವರು ಎಷ್ಟೋ. ಇರುವ ಲೆಕ್ಕವನ್ನೇ 543 ಕ್ಷೇತ್ರಗಳಿಗೆ ಹಂಚಿದರೆ ಒಂದೊಂದಕ್ಕೆ 900ರ ಒಳಗೆ. ಮಕ್ಕಳನ್ನು ಕಳೆದರೆ ಇನ್ನೂ ಕಡಿಮೆ. ಸಲಿಂಗಿಗಳ ಲೆಕ್ಕವನ್ನಂತೂ ಯಾರೂ ತೆಗೆದಿಲ್ಲ. ಲಾಭವಿಲ್ಲದ ಈ ಕೆಲಸಕ್ಕೆ ನಷ್ಟವೂ ಅಷ್ಟೇನಿಲ್ಲ ಎಂಬುದು ಇನ್ನೊಂದು ಮಗ್ಗುಲು. ತರೂರ್ 2019ರಲ್ಲೂ 2024ರಲ್ಲೂ ಅದೇ ತಿರುವನಂತಪುರದಿಂದ ಗೆದ್ದರು. ಚರ್ಚು, ಮಠ, ಮಸೀದಿಗಳ ಮುನಿಸಿಗೆ ಹೆದರಿ ಸುಮ್ಮನಿರುವ ಸಂಸದರು ಈ ಫಲಿತಾಂಶವನ್ನು ಒಮ್ಮೆ ನೋಡಿಕೊಳ್ಳಬಹುದು.

ಇನ್ನು ಧ್ವನಿಮತದ ವಿಷಯ. ರಾಜ್ಯಸಭೆಯಲ್ಲಿ ಶಿವ ಗೆದ್ದ ದಿನ ಸದನವೇ ಹೌದೆಂದಿತು. ಯಾರು ಹೌದೆಂದರು ಎಂಬುದಕ್ಕೆ ದಾಖಲೆಯಿಲ್ಲ. ಅಂದು ದನಿ ಕೂಡಿಸಿದ ಎಷ್ಟು ಮಂದಿ ನಾಲ್ಕು ವರ್ಷದ ಬಳಿಕ ಅವರ ಸೂಚನೆಯನ್ನು ಬೀಳಿಸಿದ 74ರಲ್ಲಿದ್ದರೋ ತಿಳಿಯುವ ದಾರಿಯಿಲ್ಲ. ತರೂರ್ ಸೋತ ದಿನ ಮಾತ್ರ ಲೆಕ್ಕ ಕಾಗದದ ಮೇಲೆ ಉಳಿಯಿತು. ಹಾಗಾಗಿ ಅಂದು ಎದ್ದು ವಿರೋಧಿಸಿದ ದುಬೆ ಅವರಿಗೆ ನಾವು ಒಂದು ಲೆಕ್ಕದಲ್ಲಿ ಋಣಿಗಳು. ಬೆಂಬಲ ಎಷ್ಟು ತೆಳ್ಳಗಿತ್ತು ಎಂಬುದು ಗೊತ್ತಾಯಿತು.

377 ಕೊನೆಗೆ ಸಡಿಲವಾದದ್ದು ಕೋರ್ಟಿನಲ್ಲೇ, 2018ರ ಸೆಪ್ಟೆಂಬರ್ 6ರಂದು. ಆಗ ಕೇಂದ್ರ ಸರ್ಕಾರ ಕೋರ್ಟಿಗೆ ಹೇಳಿದ್ದು, ತಮ್ಮ ವಿವೇಚನೆಗೆ ಬಿಟ್ಟಿದ್ದೇವೆ ಎಂದು. ಐದು ವರ್ಷ ಕಳೆದು ಸಲಿಂಗ ವಿವಾಹದ ಪ್ರಶ್ನೆ ಅದೇ ಕೋರ್ಟಿಗೆ ಬಂದಾಗ ಅದೇ ಸರ್ಕಾರದ ವಾದ, ಇದು ಸಂಸತ್ತಿನ ವಿವೇಚನೆಗೆ ಸೇರಿದ್ದು ಎಂದು. 2023ರ ಅಕ್ಟೋಬರ್ 17ರಂದು ಐವರು ನ್ಯಾಯಮೂರ್ತಿಗಳ ಪೀಠ ಮದುವೆ ಮೂಲಭೂತ ಹಕ್ಕಲ್ಲ ಎಂದು ಒಮ್ಮತದಿಂದ ಹೇಳಿತು. ಮದುವೆಯ ಹೊರಗೆ ಇಂಥ ಜೋಡಿಗಳಿಗೆ ಕಾನೂನಿನ ಮನ್ನಣೆ ಬೇಕೇ ಎಂಬಲ್ಲಿ ಮೂವರು ಒಂದು ಕಡೆ, ಇಬ್ಬರು ಇನ್ನೊಂದು ಕಡೆ. ಉಳಿದದ್ದಕ್ಕೆ ಸಂಪುಟ ಕಾರ್ಯದರ್ಶಿಯ ಸಮಿತಿ. ಆ ಸಮಿತಿ ಬಂದ ಮೇಲೆ 2024ರಲ್ಲಿ ಕೆಲವು ಸುತ್ತೋಲೆಗಳು ಹೊರಟವು. ಸಲಿಂಗ ಸಂಗಾತಿಗಳು ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಬಹುದು, ಒಬ್ಬರನ್ನೊಬ್ಬರು ನಾಮಿನಿ ಮಾಡಬಹುದು. ಪಡಿತರ ಚೀಟಿಗೆ ಒಂದೇ ಮನೆಯವರೆಂದು ಪರಿಗಣಿಸಬಹುದು. ಚಿಕ್ಕದಲ್ಲ, ಬ್ಯಾಂಕಿನ ಕೌಂಟರಿನಲ್ಲಿ ‘ನಿಮ್ಮಿಬ್ಬರಿಗೂ ಏನು ಸಂಬಂಧ’ ಎಂಬ ಪ್ರಶ್ನೆಗೆ ಉತ್ತರಿಸಿದವರಿಗೆ ಇದರ ಬೆಲೆ ಗೊತ್ತು. ಆದರೆ ಸುತ್ತೋಲೆ ಹೊರಡಿಸಿದ ಕೈಯೇ ನಾಳೆ ಹಿಂಪಡೆಯಬಹುದು. ಆಸ್ತಿಯ ಉತ್ತರಾಧಿಕಾರ, ದತ್ತು, ಪಿಂಚಣಿ ಇವು ಸುತ್ತೋಲೆಗೆ ಬಗ್ಗುವಂಥವಲ್ಲ. ಅವಕ್ಕೆ ಕಾನೂನೇ ಬೇಕು.

ಅಂಥ ಒಂದು ಮಸೂದೆ ಲೋಕಸಭೆಗೆ ಬಂದಿತ್ತು, ತೀರ್ಪಿಗೂ ಒಂದೂವರೆ ವರ್ಷ ಮೊದಲೇ. ಎನ್‌ಸಿಪಿಯ ಸುಪ್ರಿಯಾ ಸುಳೆ 2022ರ ಏಪ್ರಿಲ್ 1ರಂದು ವಿಶೇಷ ವಿವಾಹ ಕಾಯ್ದೆಗೆ ತಿದ್ದುಪಡಿ ಮಂಡಿಸಿದ್ದರು. ಗಂಡ, ಹೆಂಡತಿ ಎಂದಿರುವಲ್ಲಿ ಸಂಗಾತಿ ಎಂದು ಬರೆಯುವ, ಇಬ್ಬರೂ ಗಂಡಸರಾದರೆ 21, ಇಬ್ಬರೂ ಹೆಂಗಸರಾದರೆ 18 ಎಂದು ಮದುವೆಯ ವಯಸ್ಸು ಗೊತ್ತುಮಾಡುವ ಮಸೂದೆ. ತರೂರ್ ಅವರದಕ್ಕೆ ಬಂದ ಗತಿ ಇದಕ್ಕೆ ಬರಲಿಲ್ಲ, ಮಂಡಿಸಲು ಯಾರೂ ಅಡ್ಡಿ ಮಾಡಲಿಲ್ಲ; ಆರು ವರ್ಷದಲ್ಲಿ ಅಷ್ಟು ದೂರ ಬಂದಿದ್ದೆವು. 2024ರಲ್ಲಿ ಆ ಲೋಕಸಭೆಯ ಅವಧಿ ಮುಗಿಯಿತು. ಮಸೂದೆಯೂ ಬಿದ್ದುಹೋಯಿತು. ಅದನ್ನು ಮತ್ತೆ ತರಬೇಕೆಂದರೆ ಯಾರಾದರೂ ಒಬ್ಬ ಸಂಸದರು ಮೊದಲಿನಿಂದ ನೋಟಿಸು ಕೊಡಬೇಕು.